ಗೋದಲಿ: ಬಳಸುವ ಮುನ್ನ ಓದಿ

ಅಭಿನಂದನೆಗಳು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರರಲ್ಲಿ ಯಾವುದೋ ಒಂದು ತಾಲೂಕಿನ ಕಥೋಲಿಕ ಮನೆಗೆ ನೀವು ಹುಟ್ಟಿನಿಂದಲೋ ಮದುವೆಯಿಂದಲೋ ಸೇರಿಕೊಂಡಿದ್ದೀರಿ. ಡಿಸೆಂಬರ್ 24ರ ರಾತ್ರಿ ಈ ಮನೆಗೆ ಒಂದು ಕೂಸು ಬರುವುದಿದೆ. ಬರುವ ತಾರೀಕು ವರ್ಷವರ್ಷವೂ ಅದೇ. ಆದರೂ ಕೂಸು ಬರುವ ಹೊತ್ತಿಗೆ ಮನೆಯಲ್ಲಿ ಅರ್ಧ ಜನರ ಸ್ನಾನ ಆಗಿರುವುದಿಲ್ಲ. ಅದಕ್ಕಾಗಿ ಈ ಕೈಪಿಡಿ. ಒಮ್ಮೆ ಪೂರ್ತಿ ಓದಿ, ಪಂಪ್‌ಸೆಟ್ಟಿನ ವಾರಂಟಿ ಕಾರ್ಡು ಇಟ್ಟ ಡಬ್ಬಿಯಲ್ಲೇ ಇದನ್ನೂ ಇಟ್ಟು ಮರೆತುಬಿಡಿ.

ಬಳಕೆಯ ಅವಧಿ

ಸಂತ ಅಂದ್ರೆಯರ ಹಬ್ಬ ನವೆಂಬರ್ 30. ಅದಕ್ಕೆ ಅತಿ ಹತ್ತಿರದ ಭಾನುವಾರದಿಂದ ಕೂಸಿಗಾಗಿ ಕಾಯುವ ಆಗಮನ ಕಾಲ ಶುರು. ನಾಲ್ಕು ಭಾನುವಾರ ಇರಲೇಬೇಕು. ಕಡಿಮೆಯೆಂದರೆ 22 ದಿನ, ಹೆಚ್ಚೆಂದರೆ 28. ಈ ಲೆಕ್ಕ ಹಾಕಿದವರು ಅಡಿಕೆ ಬೆಳೆದವರಲ್ಲ. ಸರಿಯಾಗಿ ಇದೇ ನಾಲ್ಕು ವಾರದಲ್ಲಿ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಗದ್ದೆ ಇದ್ದವರಿಗೆ ಒಕ್ಕಲು ಬೇರೆ. ಮೊದಲ ಭಾನುವಾರದ ಪ್ರಸಂಗದಲ್ಲಿ ಗುರುಗಳು ಎಚ್ಚರವಾಗಿರಿ ಎನ್ನುತ್ತಾರೆ. ಅಡಿಕೆ ಹಂಡೆಯ ಬೆಂಕಿ ನೋಡಿಕೊಂಡು ರಾತ್ರಿ ಎರಡರವರೆಗೆ ಕೂತವರಿಗೆ ಆ ಮಾತು ಹೇಳಿಕೊಡಬೇಕಿಲ್ಲ. ಅವರು ನಿದ್ದೆ ಮಾಡುವುದು ಪ್ರಸಂಗದ ಹೊತ್ತಿನಲ್ಲಿ ಮಾತ್ರ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ಭಾನುವಾರ ಬೆಳಿಗ್ಗೆಯೇ ಬರುತ್ತೇನೆಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಉತ್ತರವಿದೆ, ಮಲೆನಾಡಿನಲ್ಲಿ ಇಲ್ಲ.

ಕೇರಳದಿಂದ ಬಂದು ನೆಲೆಸಿದ ಸಿರೊ ಮಲಬಾರ್ ನೆಂಟರು ನಿಮಗಿದ್ದರೆ ಡಿಸೆಂಬರ್ ಒಂದರಿಂದ ಅವರ ಮನೆಗೆ ಊಟಕ್ಕೆ ಹೋಗಬೇಡಿ. ಅವರದು 25 ದಿನದ ನೋಂಬು, ಮೀನು ಮಾಂಸ ಮುಟ್ಟುವುದಿಲ್ಲ. ಘಟ್ಟದ ಕೆಳಗಿನಿಂದ ಹತ್ತಿ ಬಂದ ನಾವು ಕೊಂಕಣಿಗರು ಆ ಇಪ್ಪತ್ತೈದು ದಿನವೂ ಹಬ್ಬದ ದಿನ ಯಾವ ಮಾಂಸ ಎಂದು ಚರ್ಚೆ ಮಾಡುತ್ತೇವೆ.

ಪೆಟ್ಟಿಗೆಯಲ್ಲಿ ಏನೇನಿದೆ

ಹಸಿರು ಸೊಪ್ಪಿನ ಒಂದು ಬಳೆ, ಅದಕ್ಕೆ ನಾಲ್ಕು ಮೇಣದಬತ್ತಿ. ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹಚ್ಚುವುದು; ಗುಲಾಬಿಯದು ಮೂರನೇ ಭಾನುವಾರಕ್ಕೆ, ಇನ್ನೇನು ಹತ್ತಿರ ಬಂತು ಎಂಬ ಖುಷಿಗೆ. ಪೇಟೆಯ ಅಂಗಡಿಯಲ್ಲಿ ನೇರಳೆ ಬತ್ತಿ ಕೇಳಿದರೆ, "ಕರೆಂಟು ಹೋದಾಗ ಬಿಳಿದೂ ಅಷ್ಟೇ ಬೆಳಕು ಕೊಡ್ತದೆ ಮಾರಾಯ್ರೆ" ಎನ್ನುತ್ತಾರೆ. ಬಿಳಿಯನ್ನೇ ತನ್ನಿ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ವಿಶೆರ್ನ್ ಎಂಬ ಪಾದ್ರಿ, ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ಜೀವ ತಿಂದಾಗ ಹಳೇ ಗಾಡಿಚಕ್ರಕ್ಕೆ ಬತ್ತಿ ಸಿಕ್ಕಿಸಿ ದಿನಕ್ಕೊಂದು ಹಚ್ಚಿದನಂತೆ. ಗಾಡಿಚಕ್ರದಿಂದ ಶುರುವಾದದ್ದಕ್ಕೆ ಬಣ್ಣದ ತಕರಾರು ಶೋಭಿಸುವುದಿಲ್ಲ. ಆತ ಲೂಥರನ್ ಎಂಬುದನ್ನು ಮಾತ್ರ ಮನೆಯ ಹಿರಿಯರ ಕಿವಿಗೆ ಹಾಕಬೇಡಿ.

ಇನ್ನು ಗೋದಲಿ. ಪಟ್ಟಣದ ಮಕ್ಕಳಿಗೆ ಗೋದಲಿ ಎಂದರೆ ಸೀರಿಯಲ್ ಲೈಟು ಹಾಕಿದ ಬೊಂಬೆಮನೆ. ನಮ್ಮ ಕಡೆ ಅದು ಮೊದಲು ಕೊಟ್ಟಿಗೆಯ ಮಾತು, ಆಮೇಲೆ ಇಗರ್ಜಿಯದು. ದನ ಹುಲ್ಲಿಗೆ ಬಾಯಿ ಹಾಕುವ ಜಾಗ. ಅದರ ಜೊಲ್ಲಿನಿಂದ ಅಂಚು ನುಣುಪಾದ ಮರ. ಈ ಅರ್ಥ ತಿಳಿದವರಿಗೆ ಅರ್ಧ ಧರ್ಮೋಪದೇಶ ಮುಗಿದಂತೆಯೇ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಮಾಡಿದ ಗೋದಲಿಯಲ್ಲಿ ನಿಜವಾದ ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ ಇದ್ದವು. ಹೊಸನಗರದ ಕಡೆ ಕತ್ತೆ ಸಿಗುವುದು ಕಷ್ಟ. ಮಲೆನಾಡು ಗಿಡ್ಡ ತಳಿಯ ದನ ಸಾಕು. ಅಷ್ಟಕ್ಕೂ ಲೂಕನ ಸುವಾರ್ತೆಯ ಆ ರಾತ್ರಿಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವೆರಡೂ ಯೆಶಾಯನ ಪುಸ್ತಕದಿಂದ ನಡೆದು ಬಂದವು. ಪೋಪ್ ಫ್ರಾನ್ಸಿಸ್ 2019ರಲ್ಲಿ ಅದೇ ಗ್ರೆಚ್ಚೊದಲ್ಲಿ ಸಹಿ ಹಾಕಿದ ಪತ್ರದಲ್ಲಿ, ಸುವಾರ್ತೆಗೆ ಸಂಬಂಧವೇ ಇಲ್ಲದ ಬೊಂಬೆಗಳನ್ನು ಮಕ್ಕಳು ತಂದಿಡುವುದನ್ನು ಪ್ರೀತಿಯಿಂದಲೇ ಬರೆದಿದ್ದಾರೆ. ಆದ್ದರಿಂದ ನಮ್ಮ ಮನೆಯ ಗೋದಲಿಯಲ್ಲಿ ಮೂವರು ಜೋಯಿಸರ ಹಿಂದೆ ನಿಂತಿರುವ ಹಳದಿ ಜೆಸಿಬಿಗೆ ರೋಮಿನ ಅನುಮತಿ ಇದೆ ಎಂದೇ ತಿಳಿಯಿರಿ.

ಅಳವಡಿಸುವ ಕ್ರಮ

ಮಾಡಿಗೆ ಅಡಿಕೆ ಹಾಳೆ, ಕಂಬಕ್ಕೆ ಬಿದಿರು, ನೆಲಕ್ಕೆ ಹೊಸ ಬೆಳೆಯ ಹುಲ್ಲು. ಡಿಸೆಂಬರ್ 13ರ ಸುಮಾರಿಗೆ ತಟ್ಟೆಯಲ್ಲಿ ಮಣ್ಣು ಹರಡಿ ಬತ್ತ ಅಥವಾ ರಾಗಿ ಬಿತ್ತಿ. 24ಕ್ಕೆ ಬೆರಳುದ್ದ ಹಸಿರು ಬರುತ್ತದೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಕಾಯುವುದು ಎಂದರೆ ಏನೆಂದು ಬೇರೆ ಯಾವ ಪಾಠದಲ್ಲೂ ಇಷ್ಟು ಸಲೀಸಾಗಿ ಹೇಳಲಾಗದು. ಮೂರನೇ ದಿನ ಮೊಳಕೆ ನೋಡಲು ಮಣ್ಣು ಕೆದರುತ್ತಾರೆ. ಕೆದರಲಿ. ಹೆಚ್ಚಿಗೆ ಬಿತ್ತಿರಿ, ಅಷ್ಟೇ.

ಎಚ್ಚರಿಕೆ: ಗುಡ್ಡಕ್ಕೆ ಪಾಚಿ ತರಲು ಹೋಗುವವರು ಮೈಗೆ ಉಣುಗು ದೂರವಿಡುವ ಎಣ್ಣೆ ಹಚ್ಚಿಕೊಂಡೇ ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಇದು ತಮಾಷೆಯಲ್ಲ. ಮಂಗನ ಕಾಯಿಲೆ 1957ರಲ್ಲಿ ಗೊತ್ತಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. 2018ರ ಡಿಸೆಂಬರಿನ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿದಾಗ ಹಬ್ಬವೇ ಬೇಡವೆನಿಸಿತ್ತು. ಉಣುಗು ಏಳುವ ಕಾಲವೂ ಗೋದಲಿ ಕಟ್ಟುವ ಕಾಲವೂ ಒಂದೇ. ಆ ವರ್ಷದಿಂದ ನಮ್ಮ ಗೋದಲಿಯ ಬೆಟ್ಟಗುಡ್ಡವೆಲ್ಲ ಬೂದು ಬಣ್ಣ ಬಳಿದ ಸಿಮೆಂಟ್ ಚೀಲದ ಕಾಗದದ್ದು.

ಎಲ್ಲ ಇಟ್ಟ ಮೇಲೆ ನಡುವಿನ ಜಾಗ ಖಾಲಿ ಬಿಡಿ. ಬಾಲಯೇಸು 24ರ ರಾತ್ರಿಯೇ ಬರಬೇಕು. ಅಲ್ಲಿಯತನಕ ಮೂರ್ತಿ ಹತ್ತಿಯಲ್ಲಿ ಸುತ್ತಿ ಬಟ್ಟೆಯ ಕಪಾಟಿನಲ್ಲಿರುತ್ತದೆ. ಹತ್ತು ದಿನ ಖಾಲಿ ಗೋದಲಿಯ ಮುಂದೆ ಪ್ರಾರ್ಥನೆ. ಆಚೆಮನೆಯ ಭಟ್ಟರು ಒಮ್ಮೆ ಬಂದು ನೋಡಿ, "ದೇವರೇ ಇಲ್ವಲ್ಲ ಇದರಲ್ಲಿ?" ಎಂದರು. ಬರ್ತಾನೆ ಎಂದೆ. "ನಮ್ಮದರಲ್ಲಿ ಮೊದಲು ಪ್ರತಿಷ್ಠೆ, ಆಮೇಲೆ ಮಂಟಪದ ಉಳಿದ ಕೆಲಸ" ಎಂದು ನಕ್ಕರು. ಅವರಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಕಳಿಸುವಾಗ ಚಕ್ಕುಲಿ, ತುಕ್ಡಿ, ನೆವ್ರಿ ಮಾತ್ರ ಇಡಿ. ಮೊಟ್ಟೆ ಸೋಕಿದ್ದನ್ನೂ ಕೇಕನ್ನೂ ಬೇರೆ ತಟ್ಟೆಗೆ ತೆಗೆಯಿರಿ. ದೀಪಾವಳಿಗೆ ಅವರ ಮನೆಯ ಹೋಳಿಗೆ ತಿಂದ ಬಾಯಿ ಇದು, ತಪ್ಪಬಾರದು.

ಮುಖ್ಯ ಯಂತ್ರ

ಮನೆಯಲ್ಲಿ ಧರ್ಮ ಉಳಿಯುವುದು ತೇರ್ಸಿನಿಂದ. ತೇರ್ಸ್ ಎಂದರೆ ಸಂಜೆಯ ಜಪಸರ. ಪೋರ್ಚುಗೀಸ್ ಮಾತು ಕೊಂಕಣಿಯ ಬಾಯಲ್ಲಿ ಸವೆದು ಹೀಗಾಗಿದೆ. ಮೂರನೇ ಒಂದು ಪಾಲು ಎಂದು ಅರ್ಥ, ಯೇಸು ಮರಿಯರ ಬದುಕಿನ ರಹಸ್ಯಗಳನ್ನು ಧ್ಯಾನಿಸುವ ಪೂರ್ತಿ ಜಪಸರದಲ್ಲಿ ಅಷ್ಟು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ಅದು ನಾಲ್ಕನೇ ಒಂದಾಯಿತು, ಹೆಸರು ಬದಲಾಗಲಿಲ್ಲ. ಈ ಬೆಳಕಿನ ರಹಸ್ಯಗಳಿಗೆ ಗೊತ್ತಾದ ದಿನ ಗುರುವಾರ. ನನ್ನ ತಾಯಿ, ಮನೆಮಂದಿಗೆಲ್ಲ ಅವರು ಮಾಂಯ್, ಗುರುವಾರ ಇವತ್ತಿಗೂ ಹಳೆಯ ಸಂತೋಷದ ರಹಸ್ಯಗಳನ್ನೇ ಹೇಳುತ್ತಾರೆ. ಪೋಪರಿಗೆ ಗೊತ್ತಿಲ್ಲ.

ನಾನು ತೇರ್ಸ್ ಕಲಿತದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಆಗ ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಲ್ಲಿ ಲಾಟೀನಿಟ್ಟು ಹತ್ತು ಹನ್ನೆರಡು ಜನ ಅಡಿಕೆ ಸುಲಿಯಲು ಕೂರುತ್ತಿದ್ದರು. ಎಲ್ಲರ ಕೈಗೂ ಅಡಿಕೆಯ ಕರೆ. ಆ ಕೈಯಲ್ಲಿ ಜಪಸರ ಹಿಡಿಯುವಂತಿಲ್ಲ, ಹಿಡಿದರೂ ಮಣಿ ಎಣಿಸುವಷ್ಟು ಪುರಸೊತ್ತು ಬೆರಳಿಗಿಲ್ಲ. ಕತ್ತಿ ಕೊಡಲಾಗದಷ್ಟು ಚಿಕ್ಕವರು ಯಾರೋ ಅವರಿಗೆ ಜಪಸರ. ಐದು ವರ್ಷದವನಾಗಿದ್ದಾಗ ಆ ಹುದ್ದೆ ನನ್ನದು. ಹತ್ತು ನಮಾನ್ ಮರಿಯೆ, ಅಂದರೆ ಮರಿಯಮ್ಮನಿಗೆ ನಮನದ ಜಪ, ಆದ ಕೂಡಲೇ "ಆಯ್ತು!" ಎಂದು ಕೂಗಬೇಕು. ತಪ್ಪಿ ಒಂಬತ್ತಕ್ಕೇ ಕೂಗಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹನ್ನೊಂದಕ್ಕೆ ಕೂಗಿದರೆ ಬೈಗುಳ. ಸುಲಿಯಲು ಬರುತ್ತಿದ್ದ ಹೆಂಗಸರು ಕ್ರೈಸ್ತರಲ್ಲ, ಡಬ್ಬದ ಲೆಕ್ಕದ ಕೂಲಿಯವರು. ಎರಡು ಸುಗ್ಗಿ ಕಳೆಯುವುದರಲ್ಲಿ ಅವರಿಗೆ ಕೊಂಕಣಿಯ ಅರ್ಧ ಪ್ರಾರ್ಥನೆ ಬಾಯಿಪಾಠ. ಕೊನೆಯ ಆಮೆನ್ನಿಗೆ ಅವರದೇ ದೊಡ್ಡ ದನಿ, ಏಕೆಂದರೆ ಆಮೆನ್ ಆದ ಮೇಲೆ ಕಾಫಿ. ಎಂಟು ವರ್ಷಕ್ಕೆ ನನಗೆ ಕತ್ತಿ ಸಿಕ್ಕಿತು, ಜಪಸರ ತಂಗಿಯ ಕೈಗೆ ಹೋಯಿತು. ಅವತ್ತು ಹೆಮ್ಮೆಪಟ್ಟೆ, ಕಳೆದುಕೊಂಡದ್ದೇನು ಎಂದು ತಿಳಿಯುವ ವಯಸ್ಸಲ್ಲ.

1964ರಲ್ಲಿ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಸಾಗರದವರಿಗೆ 1964 ಎಂದರೆ ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ. ರೋಮಿನಲ್ಲಿ ಮನೆಗೆ ಆ ಗೌರವ ಸಿಕ್ಕ ಕಾಲದಲ್ಲೇ ಇಲ್ಲಿ ಎಷ್ಟೋ ಮನೆ, ಕೊಟ್ಟಿಗೆ, ಗೋದಲಿ ಶರಾವತಿಯ ಹಿನ್ನೀರಿನಡಿ ಹೋದವು. ಮಾಂಯ್‌ಗೆ ಆ ಮಹಾಸಭೆಯ ವಿಷಯ ಗೊತ್ತಿಲ್ಲ. ನೀರಿನ ವಿಷಯ ಗೊತ್ತು.

ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಪ್ರಾರ್ಥನೆ ಕೇಳುವುದಿಲ್ಲ, ಆದ್ದರಿಂದ ತೇರ್ಸ್ ಒಳಮನೆಗೆ ಬಂತು. ಎಲ್ಲರ ಕೈಯೂ ಶುಭ್ರ. ಎಲ್ಲರಿಗೂ ಬೇರೆ ಬೇರೆ ಜಪಸರ, ಜತೆಗೊಂದು ಮೊಬೈಲು. ಕುವೈತಿನಲ್ಲಿರುವ ಮಗಳು ವೀಡಿಯೊ ಕಾಲ್‌ನಲ್ಲಿ ಸೇರುತ್ತಾಳೆ. ಇಲ್ಲಿ ರಾತ್ರಿ ಎಂಟು, ಅಲ್ಲಿ ಸಂಜೆ ಐದೂವರೆ, ಅವಳ ನಮಾನ್ ಮರಿಯೆ ನಮ್ಮದಕ್ಕಿಂತ ಮೂರು ಸೆಕೆಂಡು ಹಿಂದೆ. ನಗರದ ಆಚೆ ಕಾಡಿನ ನಡುವೆ ಇರುವ ಭಾವನಿಗೆ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್. ಅವನು ಹತ್ತುವುದಿಲ್ಲ, ಕೆಳಗೇ ಹೇಳಿಕೊಳ್ಳುತ್ತೇನೆ ಎನ್ನುತ್ತಾನೆ. ನಂಬಿ. ನಗರ ಎಂದರೆ ಹಳೇ ಬಿದನೂರು, 1763ರಲ್ಲಿ ಹೈದರಾಲಿ ಹಿಡಿದ ಕೆಳದಿ ಅರಸರ ರಾಜಧಾನಿ. ಅಂಥ ಊರಿನ ಆಸುಪಾಸಿಗೂ ಟವರ್ ಬರುವುದು ಇಷ್ಟು ತಡ.

ಪ್ರಾರ್ಥನೆ ಮುಗಿದ ಮೇಲೆ ಬೆಸಾಂವ್ ಕೇಳುವುದನ್ನು ಬಿಡಬೇಡಿ. ಚಿಕ್ಕವರು ಹಿರಿಯರ ಮುಂದೆ ಒಬ್ಬೊಬ್ಬರಾಗಿ ಕೈಮುಗಿದು ಆಶೀರ್ವಾದ ಕೇಳುವುದು. ಆ ಸಂಜೆ ಬೆತ್ತದಲ್ಲಿ ಬಾರಿಸಿದ ಅಪ್ಪನ ಹತ್ತಿರವೂ ಹೋಗಲೇಬೇಕು, ಅಪ್ಪ ತಲೆಯ ಮೇಲೆ ಕೈ ಇಡಲೇಬೇಕು. ಇಬ್ಬರಿಗೂ ಅದು ಕಷ್ಟದ ಕೆಲಸ.

ಎಚ್ಚರಿಕೆ: ಅಧಿಕ ವೋಲ್ಟೇಜ್

ಹಬ್ಬಕ್ಕೆ ಮೊದಲು ಪಾಪನಿವೇದನೆ. ಸಾಲು ಉದ್ದ ಇರುತ್ತದೆ, ಬೇಗ ಹೋಗಿ. ನಾನು ಮಂಡಿಯೂರಿ ಶುರುಮಾಡಿದ್ದು ತಮ್ಮನಿಂದ: ಪಾಲಾದ ಮೇಲೆ ತೋಟದ ಬಸಿಗಾಲುವೆಯನ್ನು ಅವನು ಹೇಗೆ ತಿರುಗಿಸಿದ, ಮಳೆಗಾಲದಲ್ಲಿ ನನ್ನ ಎಷ್ಟು ಮರಕ್ಕೆ ಕೊಳೆ ಬಂತು. ಗುರುಗಳು ಪೂರ್ತಿ ಕೇಳಿ, "ತಮ್ಮನ ಪಾಪ ತಮ್ಮ ಬಂದು ಹೇಳ್ತಾರೆ. ನಿಮ್ಮದು ಹೇಳಿ" ಎಂದರು. ನನ್ನದು ಎರಡೇ ವಾಕ್ಯದಲ್ಲಿ ಮುಗಿಯಿತು: ನಾಲ್ಕು ವರ್ಷದಿಂದ ಮಾತಾಡಿಲ್ಲ, ಅವನ ಮಕ್ಕಳಿಗೆ ಬೆಸಾಂವ್ ಕೊಟ್ಟಿಲ್ಲ. ಪ್ರಾಯಶ್ಚಿತ್ತಕ್ಕೆ ಜಪ ಕೊಡುತ್ತಾರೆಂದು ಕಾದೆ. ಕುಸ್ವಾರ್ ತಟ್ಟೆ ನೀವೇ ತಗೊಂಡು ಹೋಗಿ ಎಂದರು, ಹೆಂಡತಿ ಕೈಲಿ ಕಳಿಸಬೇಡಿ.

ಬೇಲಿ ದಾಟುವಾಗ ನಾಯಿಗೆ ನನ್ನ ಗುರುತು ಸಿಗಲಿಲ್ಲ. ತಮ್ಮನ ಹೆಂಡತಿ ಕುರ್ಚಿ ಒರೆಸಿ ಹಾಕಿದಳು. ನಾವು ಒಂದು ಗಂಟೆ ಮಾತಾಡಿದೆವು: ಅಡಿಕೆಯ ಧಾರಣೆ, ಎಲೆಚುಕ್ಕೆ ರೋಗ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಈ ಸಲ ಸಿಕ್ಕ ಒಳ್ಳೇ ಕತ್ತಿ. ಕಾಲುವೆಯ ವಿಷಯ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊರಡುವಾಗ ಸಣ್ಣವನು ಬಂದು ಕೈಮುಗಿದ. ಕಾಲುವೆ ಈಗಲೂ ಅಲ್ಲೇ ತಿರುಗುತ್ತದೆ.

ದೋಷ ಮತ್ತು ಪರಿಹಾರ

ಮಕ್ಕಳು ಪ್ರಾರ್ಥನೆಯ ಮಧ್ಯೆ ನಗುತ್ತಾರೆ: ನಗುವ ಕಾರಣ ಹುಡುಕಬೇಡಿ, ನಿಮಗೂ ನಗು ಬರುತ್ತದೆ.

24ರ ರಾತ್ರಿ ಬಾಲಯೇಸುವಿನ ಮೂರ್ತಿ ಸಿಗುವುದಿಲ್ಲ: ಪ್ರತಿ ವರ್ಷದ ದೋಷ. ಸೀರೆಗಳ ಅಡಿಯಲ್ಲಿ ನೋಡಿ, ಅಲ್ಲಿಲ್ಲದಿದ್ದರೆ ಜೆಸಿಬಿಯ ಬಕೆಟ್ಟಿನಲ್ಲಿ ನೋಡಿ.

ಮೂರನೇ ರಹಸ್ಯಕ್ಕೆ, ಅಂದರೆ ಸರಿಯಾಗಿ ಯೇಸು ಹುಟ್ಟುವ ಹೊತ್ತಿಗೆ, ಮಾಂಯ್ ಕೂತಲ್ಲೇ ನಿದ್ದೆ ಹೋಗುತ್ತಾರೆ: ಎಬ್ಬಿಸಬೇಡಿ. ದನಿ ತಗ್ಗಿಸಲೂ ಬೇಡಿ, ಹೇಳುತ್ತಲೇ ಇರಿ. ನಿಲ್ಲಿಸಿದರೆ ಎಚ್ಚರವಾಗುತ್ತದೆ, "ಎಷ್ಟಾಯ್ತು?" ಎಂದು ಕೇಳುತ್ತಾರೆ, ಮೊದಲಿನಿಂದ ಶುರುಮಾಡಬೇಕಾಗುತ್ತದೆ.