ಆಡಿದ್ದೇ ಆಟ

(2025ರ ನವೆಂಬರ್. ಅಮೆರಿಕದ ಒಂದು ವಿಡಿಯೊ ಗೇಮ್ ಯಂತ್ರಗಳ ಅಂಗಡಿ.)

ಗಿರಾಕಿ: ಈ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರಲ್ಲಿ 500 ಡಾಲರ್ ಇತ್ತಲ್ವಾ? ಐದು ವರ್ಷ ಹಳೇದಾಯ್ತು, ಈಗೆಷ್ಟು?

ಅಂಗಡಿಯವ: 650.

ಗಿರಾಕಿ: ಹೌದಪ್ಪ, ಹುಣಸೆ ಮರಕ್ಕೆ ಮುಪ್ಪು, ಹುಳಿಗೆಲ್ಲಿ?

ಅಂಗಡಿಯವ: ಪೈಪೋಟಿ ಜೋರು ಸಾರ್.

ಗಿರಾಕಿ: ಯಾರು ಮೊದಲು ಏರಿಸ್ತಾರೆ ಅಂತಾನಾ?

ಅಂಗಡಿಯವ: ಬೇಡಾಂದ್ರೆ ಬಿಡಿ. ಫೋನೂ ಎಕ್ಸ್‌ಬಾಕ್ಸೇ ಅಂತ ಕಂಪನಿಯೇ ಜಾಹೀರಾತು ಕೊಟ್ಟಿದೆ.

ಗಿರಾಕಿ: ಹೌದಾ? ತಗೊಳ್ಳಿ ನನ್ನ ಫೋನು, 650 ಕೊಡಿ.

ಅಂಗಡಿಯವ: (ಕೆಮ್ಮಿ) ಸೋನಿ ನೋಡಿ. ಪ್ಲೇಸ್ಟೇಷನ್ 5 ಪ್ರೊ, 750.

ಗಿರಾಕಿ: ಡಿಸ್ಕ್ ಎಲ್ಲಿ ಹಾಕೋದು?

ಅಂಗಡಿಯವ: ಡ್ರೈವ್‌ಗೆ ಬೇರೆ ದುಡ್ಡು. ನೆಟ್ಟಗೆ ನಿಲ್ಲಿಸೋ ಸ್ಟ್ಯಾಂಡ್‌ಗೂ ಬೇರೆ.

ಗಿರಾಕಿ: ಪಾಪ, ಇಷ್ಟು ಸುರಿದ್ರೂ ಸ್ವಂತ ಕಾಲ ಮೇಲೆ ನಿಲ್ಲಲ್ವಾ!

ಅಂಗಡಿಯವ: ನಿಂಟೆಂಡೊ ಸ್ವಿಚ್ 2 ಒಯ್ಯಿರಿ. ಯಂತ್ರದ ಪರಿಚಯ ಮಾಡ್ಕೊಡೋಕೇ ಒಂದು ಆಟ ಇದೆ, 10 ಡಾಲರ್.

ಗಿರಾಕಿ: ಪರಿಚಯಕ್ಕೇ ಹತ್ತು! ಸ್ನೇಹ ಬೆಳೆದ್ರೆ ಮನೆ ಅಡ ಇಡ್ಬೇಕೇನೋ?