ಮಾತು ಕೇಳುವ ಮಗಳು

ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವೆಂದು ಗೋಳಾಡುವ ಅಪ್ಪ-ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ಮಗು ಹೇಳಿದ್ದೆಲ್ಲ ಕೇಳುತ್ತದೆ, ಇನ್ನೇನು ಗತಿ ಎಂದು ಡಾಕ್ಟರ ಮುಂದೆ ಕುಳಿತು ಗೋಳಾಡಿದವರು ಮಾತ್ರ, ನನಗೆ ಗೊತ್ತಿರುವ ಮಟ್ಟಿಗೆ, ನಾನು ಮತ್ತು ನನ್ನ ಹೆಂಡತಿ ಇಬ್ಬರೇ.

ನಾನು ಧಾರವಾಡದವನು, ಹೆಂಡತಿ ತೀರ್ಥಹಳ್ಳಿ ಕಡೆಯವಳು. ಇಬ್ಬರೂ ಸೇರಿ ಮನೆ ಹೂಡಿದ್ದು ಅಮೆರಿಕದ ಮಿನೆಸೋಟದಲ್ಲಿ. ಮಗಳು ಬಂದದ್ದು ಕೊಲ್ಹಾಪುರದ ಕಡೆಯಿಂದ. ಧಾರವಾಡದಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವ ಮೊದಲೇ ಕೊಲ್ಹಾಪುರ ಮುಟ್ಟಬಹುದು. ನಾವು ಮಾತ್ರ ಎರಡು ಸರಕಾರಗಳನ್ನೂ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನೂ ದಾಟಿ ಅಲ್ಲಿಗೆ ಮುಟ್ಟಿದೆವು. ಪರದೇಶದ ದತ್ತು ಬೇಕಾಬಿಟ್ಟಿ ನಡೆಯಬಾರದೆಂದು 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವದು. ಭಾರತ 2003ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು, ಅಮೆರಿಕದಲ್ಲಿ 2008ರಲ್ಲಿ ಜಾರಿಗೆ ಬಂತು. ಮಕ್ಕಳ ಮಾರಾಟದ ಕಥೆಗಳನ್ನು ಓದಿದವರು ಯಾರೂ ಈ ಬಿಗಿಯನ್ನು ದೂರುವುದಿಲ್ಲ. 2004ರಲ್ಲಿ ಹೊರದೇಶಗಳಿಂದ ಅಮೆರಿಕಕ್ಕೆ ದತ್ತು ಬಂದ ಮಕ್ಕಳು 22 ಸಾವಿರಕ್ಕೂ ಹೆಚ್ಚು. 2023ರ ಹೊತ್ತಿಗೆ ಆ ಸಂಖ್ಯೆ 1,300ರ ಒಳಗೆ ಇಳಿದಿತ್ತು. ಆ ಇಷ್ಟೇ ಇಷ್ಟು ಮನೆಗಳಲ್ಲಿ ನಮ್ಮದೂ ಒಂದಾಗಬೇಕಾದರೆ ನಮ್ಮನ್ನು ಯಾವ ಪರಿ ಸೋಸಿರಬೇಕು, ನೀವೇ ಊಹಿಸಿ.

ಬೆರಳಚ್ಚು ಎಫ್‌ಬಿಐಗೆ ಹೋಯಿತು. ಬ್ಯಾಂಕಿನ ಲೆಕ್ಕ, ರಕ್ತದ ಲೆಕ್ಕ, ಗೆಳೆಯರ ಶಿಫಾರಸು ಪತ್ರ ಎಲ್ಲ ಸರದಿಯಂತೆ ಹೋದವು. ಕೊನೆಗೆ ನಮ್ಮ ಆತ್ಮಕಥೆಯನ್ನೂ ಕೇಳಿದರು. ಅದರಲ್ಲೊಂದು ಪ್ರಶ್ನೆ: ನಿಮ್ಮ ತಂದೆ ನಿಮಗೆ ಶಿಸ್ತು ಕಲಿಸಿದ ಬಗೆ ಯಾವುದು? ನಮ್ಮಪ್ಪ ಕನ್ನಡ ಶಾಲೆಯ ಮಾಸ್ತರರು. ಅವರ ಬಗೆ ಬಿದಿರಿನದು, ಪಡಸಾಲೆಯ ಗೂಟಕ್ಕೆ ನೇತಾಡುತ್ತಿತ್ತು.

‘ಎಂತ ಬರಿತೆ ಮಾರಾಯ?’ ಎಂದು ಹೆಂಡತಿ ಕಂಗಾಲಾದಳು.

‘ಸದಾ ಕಣ್ಣೆದುರಿಗೆ ಇರುವಂಥ ಮಾದರಿಯ ಮೂಲಕ’ ಎಂದು ಬರೆದೆ. ಪಾಸಾಯಿತು. ನಮ್ಮ ಮಗುವಿಗೆ ಆ ಮಾದರಿ ತೋರಿಸುವುದಿಲ್ಲವೆಂದು ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು.

ಆಮೇಲೆ ಸಮಾಜ ಕಾರ್ಯಕರ್ತೆಯೊಬ್ಬರು ಮನೆ ನೋಡಲು ಬಂದರು. ಹೊಗೆಯ ಅಲಾರಂ ಕೆಲಸ ಮಾಡುತ್ತದೆಯೇ ಎಂದರು. ಒಗ್ಗರಣೆ ಹಾಕಿದಾಗಲೆಲ್ಲ ಅದು ಓಣಿಗೇ ಕೇಳುವಂತೆ ಅರಚುತ್ತದೆಂದು ಹೇಳಿದೆವು. ಆದರೂ ಗುಂಡಿ ಒತ್ತಿಯೇ ನೋಡಿದರು. ನಲ್ಲಿಯ ಬಿಸಿನೀರಿಗೆ ಥರ್ಮಾಮೀಟರ್ ಇಟ್ಟರು. ಔಷಧಿಯ ಕಪಾಟಿಗೆ ಬೀಗವಿದೆಯೇ, ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಗುಂಡನ್ನು ಬೇರೆ ಇಟ್ಟಿದ್ದೀರೋ ಎಂದು ವಿಚಾರಿಸಿದರು. ಬಂದೂಕು ಇರಲಿಲ್ಲ. ಆದರೆ ಅಡುಗೆಮನೆಯ ಮೂಲೆಯಲ್ಲಿ ಅವರ ಕಣ್ಣಿಗೆ ಈಳಿಗೆ ಮಣೆ ಬಿತ್ತು. ಹೆಂಡತಿ ಅದರ ಮೇಲೆ ಒಂದು ಕಾಲು ಮಡಚಿ ಕುಳಿತು, ನಗುನಗುತ್ತಲೇ ಒಂದು ಹಿಡಿ ಬೀನ್ಸ್ ಕೊಚ್ಚಿ ತೋರಿಸಿದಳು. ಆ ಬಾಯಿ ಮೇಲಾದ ಕತ್ತಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದೆಂದು ತಿಳಿಯದೆ ಆಕೆ ಬಹಳ ಹೊತ್ತು ಪೆನ್ನು ಕಚ್ಚಿದರು. ತೀರ್ಥಹಳ್ಳಿಯಲ್ಲಿ ಎರಡು ತಲೆಮಾರು ಬರೀ ಮೈಯಲ್ಲಿದ್ದ ಈಳಿಗೆ ಮಣೆ, ಮಿನೆಸೋಟದಲ್ಲಿ ಬೀಗಮುದ್ರೆಯ ವಸ್ತುವಾಯಿತು.

ದೆಹಲಿಯ ದತ್ತು ಪ್ರಾಧಿಕಾರ, ಎಲ್ಲರ ಬಾಯಲ್ಲಿ ‘ಕಾರಾ’, ಅಂತೂ ಒಪ್ಪಿತು. ಮೂರು ವರ್ಷದ ಪುಟ್ಟಿ ಹೊಸ ಪಾಸ್‌ಪೋರ್ಟು, ಹೊಸ ಫ್ರಾಕು, ಹೊಸ ಅಪ್ಪ-ಅಮ್ಮನ ಸಮೇತ ವಿಮಾನ ಹತ್ತಿದಳು. ಅಮೆರಿಕದಲ್ಲಿ 2000ದಲ್ಲಿ ಆದ ಒಂದು ಕಾನೂನಿದೆ: ದತ್ತು ಹುಟ್ಟಿದ ದೇಶದಲ್ಲೇ ಪೂರ್ತಿಯಾಗಿ, ವಲಸೆ ವೀಸಾದಲ್ಲಿ ಬರುವ ಇಂಥ ಮಗು, ಅಪ್ಪ-ಅಮ್ಮ ಪ್ರಜೆಗಳಾಗಿದ್ದರೆ, ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಪ್ರಜೆಯಾಗುತ್ತದೆ. ನಾನೂ ನನ್ನ ಹೆಂಡತಿಯೂ ಎಚ್-1ಬಿ, ಗ್ರೀನ್ ಕಾರ್ಡು, ಅದರ ಪಾಳಿ ಎಂದು ತಲೆಗೂದಲು ನರೆಸಿಕೊಂಡು, ಪರೀಕ್ಷೆ ಬರೆದು, ಕೈಯೆತ್ತಿ ಪ್ರಮಾಣ ಮಾಡಿ ಗಳಿಸಿದ್ದನ್ನು ಅವಳು ನನ್ನ ಹೆಗಲ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ ಮಾಡುತ್ತಲೇ ಪಡೆದಳು.

ಮನೆಗೆ ಬಂದ ಪುಟ್ಟಿ ಎಂಥ ಮಗು ಎಂದರೆ, ತಟ್ಟೆಗೆ ಬಡಿಸಿದ್ದನ್ನು ಒಂದಗುಳೂ ಬಿಡದೆ ಉಣ್ಣುವಳು. ಉಂಡ ತಟ್ಟೆಯನ್ನು ಸಿಂಕಿನ ಬಳಿ ಒಯ್ದು ಇಡುವಳು. ಬಾ ಎಂದರೆ ಬರುವಳು, ಮಲಗು ಎಂದರೆ ಕಣ್ಣು ಮುಚ್ಚುವಳು. ಬಿದ್ದು ಮೊಣಕಾಲು ತರಚಿದರೆ ಸದ್ದಿಲ್ಲದೆ ಎದ್ದು ಧೂಳು ಕೊಡವಿಕೊಳ್ಳುವಳು. ಕನ್ನಡ ಸಂಘದ ಗೆಳೆಯರನ್ನು ಒಂದು ಸಂಜೆ ಊಟಕ್ಕೆ ಕರೆದಿದ್ದೆವು. ಬಾಗಿಲಲ್ಲಿ ಅವರು ಬಿಟ್ಟ ಬೂಟು, ಚಪ್ಪಲಿಗಳ ರಾಶಿಯನ್ನು ಪುಟ್ಟಿ ಒಬ್ಬಳೇ ಕುಳಿತು ಜೋಡಿ ಹುಡುಕಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟಳು. ಹೆಂಗಸರೆಲ್ಲ ಗಲ್ಲ ಹಿಡಿದು ಮುದ್ದಿಸಿದರು. ಅವರಲ್ಲಿ ಯಾರು ಕೈ ಚಾಚಿದರೂ ‘ಮಾವಶಿ’ ಎನ್ನುತ್ತ ಹೋಗಿ ತೊಡೆ ಹತ್ತಿ ಕುಳಿತಳು. ಶಿಶುಗೃಹದಲ್ಲಿ ನೋಡಿಕೊಳ್ಳುವ ಬಾಯಿಯರನ್ನೆಲ್ಲ ಮಕ್ಕಳು ಹಾಗೆ ಕರೆಯುತ್ತಾರೆ. ‘ನಮ್ಮ ಮಗನಿಗೂ ಸ್ವಲ್ಪ ಟ್ಯೂಷನ್ ಕೊಡಿಸ್ರೀ ಇವಳ ಹತ್ರ’ ಎಂದರೊಬ್ಬರು. ಅವರ ಮಗ ಆಗ ನಮ್ಮ ಪರದೆಗೆ ಜೋತುಬಿದ್ದಿದ್ದ. ನನ್ನ ಹೆಂಡತಿ ಅವನನ್ನೇ ಆಸೆಗಣ್ಣಿನಿಂದ ನೋಡುತ್ತಿದ್ದಳು.

ಅತಿಥಿಗಳು ಹೋದ ಮೇಲೆ ಕೇಳಿದಳು: ‘ಇವಳು ಯಾವಾಗ ಪರದೆಗೆ ಜೋತುಬೀಳದು?’

ಅದನ್ನೇ ಕೇಳಲು ಡಾಕ್ಟರ ಬಳಿಗೆ ಹೋದೆವು. ಈ ವಿಷಯದಲ್ಲಿ ಮಿನೆಸೋಟ ಪಳಗಿದ ನಾಡು. ಕೊರಿಯಾ ಯುದ್ಧದ ನಂತರದ ದಶಕಗಳಲ್ಲಿ ಸಾವಿರಾರು ಕೊರಿಯನ್ ಮಕ್ಕಳು ಇಲ್ಲಿನ ಮನೆಗಳಿಗೆ ಬಂದು ಬೆಳೆದಿದ್ದಾರೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದತ್ತುಮಕ್ಕಳಿಗೆಂದೇ ಒಂದು ಚಿಕಿತ್ಸಾಲಯ 1986ರಲ್ಲೇ ಶುರುವಾಗಿದೆ. ನಮ್ಮ ಡಾಕ್ಟರು ಪುಟ್ಟಿಯ ಎತ್ತರ, ತೂಕ, ತಲೆಯ ಸುತ್ತಳತೆ ಬರೆದುಕೊಂಡು, ನಮ್ಮ ದೂರನ್ನು ನಗದೆ ಕೇಳಿಸಿಕೊಂಡರು. ಅನೇಕರ ನಡುವೆ ಬೆಳೆದ ಮಗು ಒಳ್ಳೆಯದಾಗಿದ್ದರೆ ಮಾತ್ರ ತನಗೆ ಜಾಗವುಂಟು ಎಂದುಕೊಂಡಿರುತ್ತದೆ, ಅತ್ತು ಫಲವಿಲ್ಲವೆಂದು ಕಂಡರೆ ಅಳುವುದನ್ನೇ ಬಿಡುತ್ತದೆ ಎಂದರು. ಸದ್ಯಕ್ಕೆ ಅವಳು ನಿಮ್ಮ ಮನೆಯಲ್ಲಿ ನೆಂಟಳು. ಹಠ ಮಾಡುವ ಧೈರ್ಯ ಬಂದ ದಿನ ಮಗಳಾಗುತ್ತಾಳೆ. ಅಲ್ಲಿಯವರೆಗೆ ಉಣಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ನೀವಿಬ್ಬರೇ ಮಾಡಬೇಕು, ಬೇರೆ ಯಾರೂ ಕೂಡದು. ತನ್ನವರು ಯಾರೆಂದು ಅವಳಿಗೆ ಗೊತ್ತಾಗಲಿ.

ಔಷಧಿ ಸರಿಯಾಗಿಯೇ ಇತ್ತು. ಆದರೆ ಅದೇ ವಾರ ಧಾರವಾಡದಿಂದ ನಮ್ಮವ್ವ ಬಂದಿಳಿದರು. ಮೊಮ್ಮಗಳಿಗೆಂದು ಬೇಸನ್ ಉಂಡಿ, ಗುಳ್ಳಡಿಕಿ ಉಂಡಿ, ಅಂಟಿನ ಉಂಡಿ ಡಬ್ಬಿಗಟ್ಟಲೆ ಹೊತ್ತುತಂದ ಅಜ್ಜಿಗೆ, ಕೂಸಿನ ಬಾಯಿಗೆ ನೀವು ತುತ್ತು ಇಡುವ ಹಾಗಿಲ್ಲ ಎಂದು ಯಾರು ಹೇಳಬೇಕು? ನಾನೇ ಹೇಳಿದೆ.

‘ಯಾಕೋ, ನಾ ಏನ ಹೊರಗಿನಾಕಿ ಏನ?’

‘ಡಾಕ್ಟರ್ ಹೇಳ್ಯಾರ, ಅವ್ವಾ.’

‘ಆ ಡಾಕ್ಟರಗ ಅಜ್ಜಿ ಇದ್ದಿಲ್ಲೇನು?’

ಒಂದು ದಿನ ಮುನಿಸಿಕೊಂಡು, ಮರುದಿನ ಅವ್ವ ಕಾಯಿದೆಯಲ್ಲೊಂದು ಸಂದು ಕಂಡುಹಿಡಿದರು. ಉಂಡಿಯನ್ನು ನನ್ನ ಅಂಗೈಯಲ್ಲಿಟ್ಟು ‘ಹಂ, ಈಗ ಕೊಡು’ ಎನ್ನುವರು. ನಾನು ಪುಟ್ಟಿಗೆ ಕೊಡುವೆ. ಪುಟ್ಟಿ ತಿನ್ನುತ್ತ ಅಜ್ಜಿಯ ಮುಖವನ್ನೇ ನೋಡುವಳು. ಉಂಡಿಯ ಮೂಲ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಫೀಸಿನ ಮೀಟಿಂಗು ನಡೆದಿರುವಾಗಲೂ ನನ್ನನ್ನು ಮೇಲಿನಿಂದ ಕೂಗಿ ಕರೆದು, ಈ ಕೈಯಿಂದ ಆ ಕೈಗೆ ದಾಟಿಸಿಕೊಂಡು, ಮತ್ತೆ ಮೇಲಕ್ಕೆ ಅಟ್ಟುತ್ತಿದ್ದರು.

ಈ ನಡುವೆ ಒಮ್ಮೆ ಹಾಸಿಗೆ ಕೊಡವುವಾಗ ಪುಟ್ಟಿಯ ದಿಂಬಿನ ಕೆಳಗಿನಿಂದ ಚಪಾತಿಗಳು ಉದುರಿದವು. ಕೆಲವು ಹೊಸವು, ಕೆಲವು ಪ್ರಾಚೀನ. ಹೊತ್ತಿಗೆ ಸರಿಯಾಗಿ ಅಳೆದು ಬಡಿಸುವ ಕಡೆ ಬೆಳೆದ ಮಕ್ಕಳು ಹೀಗೆ ಕೂಡಿಡುವುದುಂಟು, ಗದರಿಸಬೇಡಿ, ಕೈಗೆಟಕುವಲ್ಲಿ ತಿಂಡಿಯ ಡಬ್ಬಿ ಇಟ್ಟುಬಿಡಿ, ಎಷ್ಟು ತಿಂದರೂ ಅದು ಖಾಲಿಯಾಗದಂತೆ ನೋಡಿಕೊಳ್ಳಿ ಎಂದು ಸಮಾಜ ಕಾರ್ಯಕರ್ತೆ ಹೇಳಿಕೊಟ್ಟರು. ಅವ್ವನ ಯೋಚನೆ ಬೇರೆಯೇ ಇತ್ತು.

‘ಚಪಾತಿ ನಾಳಿಗೆ ಹಳಸ್ತದ. ಖಡಕ್ ರೊಟ್ಟಿ ಕೊಡು. ತಿಂಗಳಾನುಗಟ್ಟಲೆ ಇಟಗೊಂಡ್ರೂ ಏನೂ ಆಗಂಗಿಲ್ಲ.’

ಡಬ್ಬಿಯಲ್ಲಿ ಖಡಕ್ ಜೋಳದ ರೊಟ್ಟಿ ತುಂಬಿದೆವು. ಪುಟ್ಟಿ ಅದನ್ನೂ ಕೆಲವು ರಾತ್ರಿ ದಿಂಬಿನಡಿ ಇಟ್ಟುಕೊಂಡಳು. ಅವಳು ಹೊರಳಿದಾಗಲೆಲ್ಲ ಕಟಕಟ ಎಂದು ಸದ್ದಾಗುತ್ತಿತ್ತು. ಕ್ರಮೇಣ ಡಬ್ಬಿ ದಿನವೂ ತುಂಬಿಯೇ ಇರುವುದನ್ನು ನೋಡಿ ನೋಡಿ, ಆ ಸದ್ದೂ ನಿಂತಿತು.

ಮಲಗುವುದು ಎಂದೆ, ಅದರದ್ದೂ ಒಂದು ಕಥೆ. ಅವಳಿಗೆಂದು ಬೇರೆ ಕೋಣೆ, ಗೋಡೆಗೆ ಗಿಳಿಹಸಿರು ಬಣ್ಣ, ಆನೆಮರಿಯ ದೀಪ ಎಲ್ಲ ಮಾಡಿಟ್ಟಿದ್ದೆವು. ಸಾಲುಸಾಲಾಗಿ ಮಕ್ಕಳ ನಡುವೆ ಮಲಗಿ ರೂಢಿಯಾದವಳಿಗೆ ಅಷ್ಟು ದೊಡ್ಡ ಕೋಣೆಯಲ್ಲಿ ಒಬ್ಬಳೇ ಮಲಗುವುದು ಯಾವ ಸುಖ? ಎರಡನೆಯ ರಾತ್ರಿಯೇ ತನ್ನ ಹೊದಿಕೆ ಎಳೆದುಕೊಂಡು ನಮ್ಮ ಕೋಣೆಗೆ ಬಂದು, ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಗೊಂಬೆಗಳನ್ನು ಸಾಲಾಗಿ ಮಲಗಿಸಿದಳು. ಸಾಲು ಸಾಲದೆಂದು ಕಂಡಾಗ ನಮ್ಮತ್ತ ನೋಡಿದಳು. ನಾವೂ ಇಳಿದು ಮಲಗಿದೆವು. ಇಲ್ಲಿನ ಪುಸ್ತಕಗಳ ಪ್ರಕಾರ ಇದು ತಪ್ಪಂತೆ. ಧಾರವಾಡ, ತೀರ್ಥಹಳ್ಳಿಗಳ ಪ್ರಕಾರ ಇದರಲ್ಲಿ ಬರೆಯುವಂಥದ್ದೇ ಏನಿಲ್ಲ; ರಜೆಗೆ ಬಂದ ಮೊಮ್ಮಕ್ಕಳನ್ನು ಹೀಗಲ್ಲದೆ ಇನ್ನು ಹೇಗೆ ಮಲಗಿಸುತ್ತಾರೆ? ಗಿಳಿಹಸಿರು ಕೋಣೆಯಲ್ಲಿ ಸದ್ಯ ನನ್ನ ಆಫೀಸು ನಡೆಯುತ್ತಿದೆ.

ಇಷ್ಟಾದರೂ ಹಠ ಮಾತ್ರ ಬರಲಿಲ್ಲ. ಪರದೇಶಕ್ಕೆ ಹೋದ ಮಗು ಹೇಗಿದೆಯೆಂದು ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಕಾರಾಕ್ಕೆ ವರದಿ ಹೋಗಬೇಕು. ಸಮಾಜ ಕಾರ್ಯಕರ್ತೆ ಬಂದು ಕುಳಿತು ‘ನಡವಳಿಕೆಯ ತೊಂದರೆಗಳು?’ ಎಂದು ಕೇಳಿದಾಗ, ಮಗಳ ಪ್ರಗತಿಪತ್ರದಲ್ಲಿ ಸೊನ್ನೆ ಕಂಡವರಂತೆ ನಾವಿಬ್ಬರೂ ತಲೆ ತಗ್ಗಿಸಿ ‘ಇನ್ನೂ ಏನಿಲ್ಲ’ ಎನ್ನುತ್ತಿದ್ದೆವು.

ಹೀಗಿರಲು ಒಂದು ಬೆಳಿಗ್ಗೆ ಹೆಂಡತಿ ಉಪ್ಪಿಟ್ಟು ಮಾಡಿದಳು. ಹೊರಗೆ ಮಂಡಿಯುದ್ದ ಹಿಮ. ಪುಟ್ಟಿ ತಟ್ಟೆ ನೋಡಿದಳು, ನಮ್ಮನ್ನು ನೋಡಿದಳು, ತಟ್ಟೆಯನ್ನು ಎರಡೂ ಕೈಯಿಂದ ಮುಂದಕ್ಕೆ ನೂಕಿ ಹೇಳಿದಳು: ‘ನಕೋ.’

ಅವ್ವನ ಕೈಯಲ್ಲಿನ ಚಹಾ ಹಾಗೇ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ಇನ್ನೊಮ್ಮೆ ಪರೀಕ್ಷಿಸೋಣವೆಂದು ನಾನು ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದೆ. ಈ ಸಲ ತಟ್ಟೆ ಮೇಜು ದಾಟಿ ನೆಲಕ್ಕೇ ಹೋಯಿತು. ಜೊತೆಗೆ ಅಳು! ಅಷ್ಟು ದಿನ ಎಲ್ಲಿ ಕೂಡಿಟ್ಟಿದ್ದಳೋ, ಒಗ್ಗರಣೆಗೆ ಕೂಗುವ ಅಲಾರಮ್ಮನ್ನು ಮೀರಿಸುವಂಥ ಅಳು.

‘ಉಪ್ಪಿಟ್ಟ ಒಲ್ಲೆ ಅಂತದ ಕೂಸು! ಶಾಣ್ಯಾ ಅದ, ಶಾಣ್ಯಾ!’ ಎಂದು ಅವ್ವ ಹರ್ಷಿಸಿದರು. ಉಪ್ಪಿಟ್ಟು ಬೇಡವೆನ್ನುವುದು ಕನ್ನಡ ಮಕ್ಕಳ ಜನ್ಮಸಿದ್ಧ ಹಕ್ಕು. ಅಮೆರಿಕದ ಪೌರತ್ವ ಅವಳಿಗೆ ನಿದ್ದೆಯಲ್ಲೇ ಬಂದಿತ್ತು, ಇದನ್ನು ಮಾತ್ರ ಪೂರ್ಣ ಎಚ್ಚರದಲ್ಲಿ ತಾನೇ ಕೇಳಿ ತೆಗೆದುಕೊಂಡಳು. ಹೆಂಡತಿ ಅವಳನ್ನು ಎದೆಗವಚಿಕೊಂಡೇ ಶಿವಮೊಗ್ಗದ ಅಕ್ಕನಿಗೆ ಫೋನು ಮಾಡಿದಳು.

‘ಅಕ್ಕಾ, ಪುಟ್ಟಿ ಉಪ್ಪಿಟ್ಟು ಬ್ಯಾಡ ಅಂದ್ಲು!’

‘ನಮ್ಮನೇಲೂ ಯಾರೂ ತಿನ್ನದಿಲ್ಲ. ಅದಕ್ಕೆ ಎಂತಕ್ಕೆ ಫೋನು?’

ಆಮೇಲೆ ತಡೆಯಿರಲಿಲ್ಲ. ಹಿಮದ ಅಂಗಿ ಹಾಕಿ, ಬೂಟು ತೊಡಿಸಿ, ಟೋಪಿ ಕಟ್ಟಿ, ಕೈಗವಸು ಏರಿಸಿ ಮುಗಿಸುವ ಹೊತ್ತಿಗೆ ಎಲ್ಲವನ್ನೂ ಕಿತ್ತೆಸೆಯುವುದು ಶುರುವಾಯಿತು. ಅಂಗಡಿಯ ನಡುದಾರಿಯಲ್ಲಿ ಕೈಕಾಲು ಚೆಲ್ಲಿ ಮಲಗಿ ಬಡಿದುಕೊಂಡಳು. ಸುತ್ತ ನಿಂತ ಬಿಳಿಯ ಅಮ್ಮಂದಿರು ಅನುಕಂಪದಿಂದ ನಮ್ಮನ್ನು ನೋಡಿದರೆ, ನಾವು ಬಹುಮಾನ ಬಂದವರಂತೆ ಹಲ್ಲು ಕಿರಿಯುತ್ತಿದ್ದೆವು. ಅಪರಿಚಿತರು ಯಾರಾದರೂ ಕೈ ಚಾಚಿದರೆ ಅವಳು ನನ್ನ ಕಾಲ ಹಿಂದೆ ಅವಿತುಕೊಂಡು ನಾಲಿಗೆ ತೋರಿಸುವಳು. ಮುಂದಿನ ವರದಿಯ ಭೇಟಿಯಲ್ಲಿ ‘ನಡವಳಿಕೆಯ ತೊಂದರೆಗಳು?’ ಎಂದು ಕೇಳಿದ್ದೇ ತಡ, ಹೆಂಡತಿ ಬೆರಳು ಮಡಚುತ್ತ ಶುರುಮಾಡಿದಳು. ಸಮಾಜ ಕಾರ್ಯಕರ್ತೆ ಇನ್ನೊಂದು ಹಾಳೆ ತೆಗೆದುಕೊಳ್ಳಬೇಕಾಯಿತು. ಬರೆದು ಮುಗಿಸಿ, ಕನ್ನಡಕ ತೆಗೆದು, ಅಭಿನಂದನೆ ಹೇಳಿದರು. ಅಷ್ಟರಲ್ಲಿ ಪುಟ್ಟಿ ಅವರ ಪೆನ್ನು ಕದ್ದಿದ್ದಳು.

ವರದಿಗಳ ಕಾಲ ಮುಗಿದು ಈಗ ದೆಹಲಿಯವರು ನಮ್ಮನ್ನು ಏನೂ ಕೇಳುವುದಿಲ್ಲ. ಕೇಳುವವರೆಂದರೆ ಊರಿನವರು. ಅಲ್ಲಿಂದ ತಂದ ಮಗು ಸರಿಯಾಗಿ ಹೊಂದಿಕೊಂಡಿದೆಯಾ, ಮಾತು ಕೇಳುತ್ತದಾ ಎಂದು ಫೋನಿನಲ್ಲಿ ಮೆಲುದನಿಯಲ್ಲಿ ವಿಚಾರಿಸುತ್ತಾರೆ. ಅವ್ವ ಮಾತ್ರ ಧಾರವಾಡದಿಂದಲೇ ವಿಡಿಯೋದಲ್ಲಿ ಅವಳ ಹಠ ನೋಡಿ, ‘ಥೇಟ್ ನಿನ್ನಂಗ ಅದ ನೋಡು, ಊಟಕ್ಕ ಕೂಡಸಬೇಕಂದ್ರ ಇಡೀ ಓಣಿ ಕೂಡ್ತಿತ್ತು’ ಎಂದು ತೀರ್ಪು ಕೊಟ್ಟಾಗಿದೆ. ನನಗೂ ಕೆಲವು ಭಾನುವಾರ, ಮೊದಲ ತಿಂಗಳುಗಳ ಆ ಮಾತು ಕೇಳುವ ಮಗು ಅರ್ಧ ದಿನದ ಮಟ್ಟಿಗಾದರೂ ಬಂದುಹೋಗಬಾರದೇ ಅನ್ನಿಸುವುದುಂಟು. ಬಾಯಿಬಿಟ್ಟು ಹೇಳಿದರೆ ಹೆಂಡತಿ ಈಳಿಗೆ ಮಣೆಯ ಕೀಲಿ ಹುಡುಕುತ್ತಾಳೆ. ಹಾಗಾಗಿ ವಿಚಾರಿಸಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಬಂದು ಒಂದು ವಾರ ನಮ್ಮಲ್ಲಿದ್ದು ನೀವೇ ನೋಡಿ ಹೋಗಿ, ಆದರೆ ನಿಮ್ಮ ನಿಮ್ಮ ಚಪ್ಪಲಿ ನೀವೇ ಹುಡುಕಿಕೊಳ್ಳಬೇಕು, ಒಂದು ಸಿಕ್ಕರೆ ಇನ್ನೊಂದು ಸಿಗುತ್ತದೆಂಬ ಖಾತರಿ ನಮ್ಮದಲ್ಲ.