ವೈರು ಕಾಣಬಾರದು, ಅಷ್ಟೇ!

ಹೊಸ ಮನೆ ತೋರಿಸುವವರನ್ನು ಗಮನಿಸಿದ್ದೀರಾ? ದೇವರಮನೆಯನ್ನು ಅರೆನಿಮಿಷದಲ್ಲಿ ಮುಗಿಸಿ ನೆಟ್ಟಗೆ ಅಡುಗೆಮನೆಯ ಚಿಮ್ನಿ ಎದುರು ತಂದು ನಿಲ್ಲಿಸುತ್ತಾರೆ. ‘ನೋಡಿ, ಒಂದೇ ಒಂದು ವೈರ್ ಕಾಣ್ಸತ್ತಾ?’ ಕಾಣಿಸುವುದಿಲ್ಲ, ನಿಜ. ಅದು ಎಲ್ಲಿಂದ ಬಂತು, ಎಲ್ಲಿ ತಿರುಗಿತು ಅನ್ನುವುದು ಆ ಗೋಡೆಗೆ ಗೊತ್ತು, ಅದನ್ನು ಹೂತಿಟ್ಟು ಊರಿಗೆ ಹೋದ ಎಲೆಕ್ಟ್ರಿಷಿಯನ್‌ಗೆ ಗೊತ್ತು. ಅವನ ಫೋನು ಸ್ವಿಚ್ಡ್ ಆಫ್.

ಇಷ್ಟಕ್ಕೂ ಈ ಚಿಮ್ನಿ ಮಹಾರಾಯನ ಮೋಟಾರು ಉಣ್ಣುವುದೆಷ್ಟು ಅಂತೀರಿ? ಸಾಮಾನ್ಯವಾಗಿ 150ರಿಂದ 250 ವ್ಯಾಟ್. ನಮ್ಮ 230 ವೋಲ್ಟಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಒಂದು ಆಂಪಿಯರ್. ಪಕ್ಕದಲ್ಲಿ ಮುಗ್ಧವಾಗಿ ಕೂತ ಮಿಕ್ಸಿ ಇದರ ಎರಡು ಮೂರು ಪಟ್ಟು ಎಳೆಯುತ್ತದೆ. 6 ಆಂಪಿಯರಿನ ತ್ರೀ-ಪಿನ್ ಸಾಕೆಟ್ಟು, 1.5 ಚದರ ಮಿಲಿಮೀಟರಿನ ತಾಮ್ರದ ವೈರು, ಕೈಗೆಟುಕುವಲ್ಲಿ ಒಂದು ಸ್ವಿಚ್ಚು. ಮುಗಿಯಿತು.

ಆದರೆ ಮಿತಾಹಾರಿ ಅಂತ ಅದರ ಅರ್ತ್ ಕಿತ್ತುಕೊಳ್ಳಬೇಡಿ, ಪುಣ್ಯಾತ್ಮರೇ! ಮೈಯೆಲ್ಲ ಸ್ಟೀಲು, ಮುಟ್ಟುವವರ ಕೈ ಸದಾ ಒದ್ದೆ. ಪ್ಲಗ್ಗಿನ ಮೂರನೆಯ ಪಿನ್ನು ದಪ್ಪಗೆ ಉದ್ದಗೆ ಇರುವುದು ಅಂದಕ್ಕಲ್ಲ, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಕೊನೆಗೆ ಹೊರಬರಲಿ ಅಂತ. ಅದನ್ನೇ ಮುರಿದು ಟೂ-ಪಿನ್ ಮಾಡುವ ಶೂರರಿದ್ದಾರೆ. ಕೇಳಿದರೆ ‘ಏನೂ ಆಗಲ್ಲ ಸಾರ್’. ಆ ಮಾತಿಗಿಂತ, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮೇಲೆ ನನಗೆ ನಂಬಿಕೆ ಹೆಚ್ಚು.

ಸಾಕೆಟ್ಟು ಒಲೆಯ ಉರಿಯ ನೇರಕ್ಕಲ್ಲ, ಹುಡ್ಡಿನ ಮೇಲೆ ಪಕ್ಕಕ್ಕಿರಲಿ. ಪ್ಲಗ್ ಕೀಳಬೇಕಾದರೆ ಚಿಮ್ನಿಯನ್ನೇ ಕೀಳುವಂತಾಗಬಾರದು. ಹೇಗೂ ಗೋಡೆ ತೂತು ಮಾಡಿದ್ದೀವಲ್ಲ ಅಂತ ಹೊಗೆಯ ಡಕ್ಟಿನೊಳಗೇ ವೈರು ತುರುಕುವ ಮಿತವ್ಯಯಿಗಳಿಗೆ ಕೈಮುಗಿದೆ. ಅಲ್ಲಿ ಓಡಾಡುವುದು ಬಿಸಿ ಎಣ್ಣೆಯ ಜಿಡ್ಡು.

ಅಸಲಿ ತಮಾಷೆ ಗೋಡೆಯೊಳಗಿದೆ. ವೈರು ಸಾಕೆಟ್ಟಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ, ಇಲ್ಲವೇ ಸಮ ಅಡ್ಡಕ್ಕೋ ಹೋಗಬೇಕು. ಆಗ ನಾಳೆ ಡ್ರಿಲ್ ಹಿಡಿದು ಬಂದವನಿಗೆ ಸಾಕೆಟ್ ನೋಡಿದರೇ ಅಂದಾಜು ಸಿಗುತ್ತದೆ. ನಮ್ಮವನು ಒಂದು ಮೀಟರ್ ವೈರು ಉಳಿಸಲು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಿರುತ್ತಾನೆ, ಮಧ್ಯೆ ಸಾಲದೆ ಬಂದು ಜಾಯಿಂಟು ಹಾಕಿ, ಟೇಪು ಸುತ್ತಿ, ಸಿಮೆಂಟು ಬಳಿದು, ಟೈಲ್ಸ್ ಮೆತ್ತಿ ಸಮಾಧಿ ಕಟ್ಟಿರುತ್ತಾನೆ. ಆರು ತಿಂಗಳಿಗೆ ಯಜಮಾನರು ಮಸಾಲೆ ಡಬ್ಬಿಯ ಸ್ಟ್ಯಾಂಡಿಗೆ ಮೊಳೆ ಹುಡುಕುತ್ತಾರೆ. ಮುಂದಿನದು ನಿಮ್ಮ ಊಹೆಗೆ. ಜಾಯಿಂಟು ಅನಿವಾರ್ಯವಾದರೆ ಮುಚ್ಚಳ ತೆರೆಯಬಹುದಾದ ಜಂಕ್ಷನ್ ಬಾಕ್ಸಿನಲ್ಲಿರಲಿ; ವೈರು ಪಿವಿಸಿ ಪೈಪಿನೊಳಗಿರಲಿ, ಕೆಟ್ಟರೆ ಎಳೆದು ಬದಲಿಸಬಹುದು.

ಗೃಹಪ್ರವೇಶಕ್ಕೆ ಸಾವಿರಾರು ಫೋಟೊ ತೆಗೆಸುತ್ತೀರಿ. ಹಾಲುಕ್ಕಿದ್ದು, ಭಾವಮೈದುನ ಹೋಳಿಗೆ ತಿಂದದ್ದು, ಎಲ್ಲ ಇದೆ. ಗೋಡೆ ಬಗೆದಿದ್ದಾಗ ಪಕ್ಕಕ್ಕೆ ಅಳತೆ ಟೇಪು ಹಿಡಿದು ತೆಗೆದ ಫೋಟೊ ಒಂದಾದರೂ ಇದೆಯೇ?

‘ಟೈಲ್ಸ್ ಎಲ್ಲ ಆಗಿಹೋಯ್ತು, ಈಗ ಚಿಮ್ನಿ ತಂದೆವು’ ಅನ್ನುವವರೇ ಹೆಚ್ಚು. ಪರವಾಗಿಲ್ಲ, ಗೋಡೆ ಕೊರೆಯಬೇಡಿ. ಮೇಲಿನ ಕ್ಯಾಬಿನೆಟ್ಟಿನ ಒಳಮೂಲೆಯಲ್ಲಿ ಕೇಸಿಂಗ್-ಕ್ಯಾಪಿಂಗ್ ಹೊಡೆಸಿ ವೈರು ತನ್ನಿ. ಮೇನ್ ಆಫ್ ಮಾಡಿಸಿ, ಬಲ್ಲವರಿಂದಲೇ ಮಾಡಿಸಿ. ಬಾಗಿಲು ಮುಚ್ಚಿದರೆ ನೆಂಟರಿಗೆ ಕಾಣದು, ತೆರೆದರೆ ರಿಪೇರಿಯವನಿಗೆ ಕಾಣುತ್ತದೆ.

ಇಷ್ಟಾದ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬೀಳುತ್ತದೆ, ಮನೆಯೆಲ್ಲ ಕೆಮ್ಮು. ಚಿಮ್ನಿ ಹಾಕಿ ಅಂದರೆ ಹಾಲ್‌ನಿಂದ ಅತ್ತೆಯ ಕೂಗು: ‘ಆ ಸದ್ದಿಗೆ ಧಾರಾವಾಹಿ ಕೇಳಲ್ಲ ಕಣೆ, ಕಿಟಕಿ ತೆಗಿ!’